ಸಹಾಯ ಬೇಕು: ರಜೆಗೆ ಕಾಯಿಲೆ ಹೆಸರು ಹೇಳಲೇಬೇಕಾ?
ಹೆಸರು ಹಾಕುತ್ತಿಲ್ಲ, ಬೇಜಾರಾಗಬೇಡಿ. ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನಗೆ ಎಚ್‌ಐವಿ ಇದೆ. ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಪಾಠಕ್ಕೇನೂ ತೊಂದರೆ ಇಲ್ಲ, ತೊಂದರೆ ಇರುವುದು ಸ್ಟಾಫ್ ರೂಮಿನಲ್ಲಿ.

ಗುಳಿಗೆ ತರಲು ಹೋದ ದಿನ ಹತ್ತನೇ ಕ್ಲಾಸಿನ ಪಿರಿಯಡ್ ಖಾಲಿ. 'ತಿಂಗಳಾ ತಿಂಗಳಾ ಎಲ್ಲಿಗೆ ಹೊಂಟ್ರಿ ಸರ್?' ಅಂತ ಕೇಳುತ್ತಾರೆ. ಶುಗರ್ ಅಂತ ಸುಳ್ಳು ಹೇಳಿಬಿಟ್ಟೆ. ಈಗ ಅವರೆದುರು ಸಕ್ಕರೆ ಇಲ್ಲದ ಚಹಾ ಕುಡಿಯಬೇಕು, ಕರ್ಮ!

ಹೆಡ್‌ಮಾಸ್ಟರ್ ಈಗ ಕಾಯಿಲೆ ಹೆಸರಿರುವ ಸರ್ಟಿಫಿಕೇಟ್ ಕೇಳುತ್ತಿದ್ದಾರೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸೋಂಕಿನ ವಿಷಯ ಬಲವಂತವಾಗಿ ಹೇಳಿಸುವಂತಿಲ್ಲ, ಅಲ್ವಾ? ಏಡ್ಸ್ ಸಹಾಯವಾಣಿ 1097ಕ್ಕೂ ಫೋನ್ ಮಾಡಿದೆ. ಕಾಯ್ದೆ ತಿಳಿಯಿತು, ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದು ತಿಳಿಯಲಿಲ್ಲ.

ಕಾಯಿಲೆ ಹೆಸರಿಲ್ಲದ ಸರ್ಟಿಫಿಕೇಟ್ ಕೊಟ್ಟು ರಜೆ ಪಡೆದವರು ಯಾರಾದರೂ ಇದ್ದೀರಾ? ಡಾಕ್ಟರ್ ಹತ್ತಿರ ಏನಂತ ಬರೆಸಿದಿರಿ?