ಹಿಕರಿ ಕ್ಲಬ್‌ಗಳಿಂದ ಆಡಲು ತಕ್ಕ ಸೆಟ್ ಜೋಡಿಸುವುದು ಹೇಗೆ?

ಹೊಸಹಿಕರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಿಕರಿ ಮರದ ಶಾಫ್ಟ್ (ಕೋಲು) ಇರುವ ಹಳೆಯ ಗಾಲ್ಫ್ ಕ್ಲಬ್‌ಗಳ ಒಂದು ಸೆಟ್ಟನ್ನು, ಗೋಡೆಗೆ ತೂಗುಹಾಕುವುದಕ್ಕಲ್ಲದೆ ಮೈದಾನದಲ್ಲಿ ಆಡುವುದಕ್ಕೇ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಸದ್ಯಕ್ಕೆ ನನ್ನ ಬಳಿ ಒಂದು ಮಿಡ್‌ಐರನ್, ಒಂದು ಮ್ಯಾಶಿ ಮತ್ತು ಒಂದು ನಿಬ್ಲಿಕ್ ಎಂಬ ಕಬ್ಬಿಣದ ತಲೆಯ ಕ್ಲಬ್‌ಗಳಿವೆ. ಮೂರೂ ಬೇರೆ ಬೇರೆಯವರು ತಯಾರಿಸಿದವು. ಮ್ಯಾಶಿಯ ಬೆನ್ನ ಮೇಲೆ ಸೇಂಟ್ ಆ್ಯಂಡ್ರೂಸ್‌ನ ಟಾಮ್ ಸ್ಟೂವರ್ಟ್ ಅವರ ಪೈಪಿನ ಗುರುತು ಇದೆ, ನಿಬ್ಲಿಕ್ ಮೇಲೆ ಲೆವೆನ್‌ನ ಜಾರ್ಜ್ ನಿಕೋಲ್ ಅವರ ಕೈಯ ಗುರುತು ಇದೆ, ಮಿಡ್‌ಐರನ್ ಮೇಲಿದ್ದ ಗುರುತನ್ನು ಹಿಂದಿನವರು ಯಾರೋ ಉಜ್ಜಿ ಅಳಿಸಿಬಿಟ್ಟಿದ್ದಾರೆ.

ಮ್ಯಾಶಿಯಿಂದ ಹೊಡೆದ ಚೆಂಡು ನೇರವಾಗಿಯೇ ಹೋಗುತ್ತದೆ. ಅದೇ ಸ್ವಿಂಗ್‌ನಲ್ಲಿ ಮಿಡ್‌ಐರನ್ ಬೀಸಿದರೆ ಮಾತ್ರ ಚೆಂಡು ಪ್ರತಿ ಸಲವೂ ಬಲಕ್ಕೆ ಸರಿಯುತ್ತದೆ. ಇದು ನನ್ನ ಸ್ವಿಂಗಿನ ದೋಷವೋ ಕ್ಲಬ್ಬಿನ ದೋಷವೋ ತಿಳಿಯುತ್ತಿಲ್ಲ. ಒಬ್ಬನೇ ತಯಾರಕನ ಪೂರ್ಣ ಸೆಟ್ ಸಿಗುವವರೆಗೆ ಕಾಯುವುದು ಒಳ್ಳೆಯದೇ, ಅಥವಾ ಬಿಡಿಬಿಡಿಯಾಗಿ ಕೂಡಿಸಿದರೂ ನಡೆಯುತ್ತದೆಯೇ? ಎಷ್ಟು ಕ್ಲಬ್‌ಗಳಿದ್ದರೆ ಸಾಕು? ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮ್ಯಾಶಿಪ್ರಿಯ:

ಒಬ್ಬನೇ ತಯಾರಕನ ಸೆಟ್ಟಿಗಾಗಿ ಕಾಯಬೇಡಿ. ಕಾದು ಪಡೆದರೂ ನಿಮ್ಮ ಮಿಡ್‌ಐರನ್ನಿನ ಕಾಯಿಲೆ ವಾಸಿಯಾಗುವ ಭರವಸೆಯಿಲ್ಲ. ಸ್ಟೂವರ್ಟ್ ಅವರಂಥ ಕಮ್ಮಾರರು ಮುಖ್ಯವಾಗಿ ಮಾಡುತ್ತಿದ್ದುದು ಕಬ್ಬಿಣದ ತಲೆಗಳನ್ನು. ಆ ತಲೆಗಳನ್ನು ತರಿಸಿಕೊಂಡು, ಶಾಫ್ಟ್ ಕೂರಿಸಿ, ಚರ್ಮದ ಗ್ರಿಪ್ ಸುತ್ತಿ, ತಮ್ಮ ಹೆಸರನ್ನೂ ಒತ್ತಿ ಮಾರುತ್ತಿದ್ದವರು ಊರೂರಿನ ಗಾಲ್ಫ್ ಕ್ಲಬ್‌ಗಳ ವೃತ್ತಿಪರರು. ಆದ್ದರಿಂದ ಪೈಪಿನ ಗುರುತು ಇರುವ ಎರಡು ಕ್ಲಬ್‌ಗಳ ಶಾಫ್ಟುಗಳು ಒಂದೇ ಕೈಯಲ್ಲಿ ತಯಾರಾದವು ಎಂದು ಭಾವಿಸುವಂತಿಲ್ಲ. ಸಂಗ್ರಾಹಕರಿಗೆ ಗುರುತು ಮುಖ್ಯ. ಆಡುವವರಿಗೆ ಶಾಫ್ಟ್ ಮುಖ್ಯ.

ಉಕ್ಕಿನ ಶಾಫ್ಟ್ ಬಾಗುತ್ತದೆಯೇ ಹೊರತು ಹೆಚ್ಚು ತಿರುಚಿಕೊಳ್ಳುವುದಿಲ್ಲ. ಹಿಕರಿ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ, ಅದೂ ಒಂದೊಂದು ಕೋಲು ಒಂದೊಂದು ಪ್ರಮಾಣದಲ್ಲಿ. ನಿಮ್ಮ ಮಿಡ್‌ಐರನ್ನಿನ ಶಾಫ್ಟ್ ಮ್ಯಾಶಿಯದಕ್ಕಿಂತ ಮೆತ್ತಗಿದ್ದರೆ, ಕೈ ಚೆಂಡಿನ ಬಳಿಗೆ ಬರುವ ಹೊತ್ತಿಗೆ ತಲೆ ಇನ್ನೂ ಹಿಂದೆಯೇ ಉಳಿದು ಮುಖ ತೆರೆದುಕೊಂಡಿರುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಹೆಚ್ಚು ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಆತುರವಿಲ್ಲದೆ ಬೀಸಿ ನೋಡಿ. ಆಗ ಚೆಂಡು ನೇರವಾದರೆ ದೋಷ ಶಾಫ್ಟಿನ ಮೆದುತನದ್ದೆಂದು ಬಹುಮಟ್ಟಿಗೆ ಹೇಳಬಹುದು. ಆದರೆ ಒಂದೊಂದು ಕ್ಲಬ್ಬಿಗೆ ಒಂದೊಂದು ವೇಗದ ಸ್ವಿಂಗ್ ಇಟ್ಟುಕೊಂಡು ಯಾರೂ ಹದಿನೆಂಟು ಗುಳಿ ಆಡಲಾರರು.

ಆದ್ದರಿಂದ ನನ್ನ ಸಲಹೆ ಇಷ್ಟು: ಕೈಗೆ ಒಗ್ಗಿದ ಮ್ಯಾಶಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಕ್ಲಬ್‌ಗಳನ್ನು ಅದಕ್ಕೆ ಹೊಂದುವಂತೆ ಆರಿಸಿ. ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಮ್ಯಾಶಿಯ ಗ್ರಿಪ್ಪನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಅಂಚಿಗೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿ. ಶಾಫ್ಟ್ ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಂಡಿರಲಿ. ಹೋಸೆಲ್‌ಗೆ (ಶಾಫ್ಟ್ ಕೂರುವ ತಲೆಯ ಕೊಳವೆಗೆ) ಸ್ವಲ್ಪ ಮೇಲೆ, ಗ್ರಿಪ್ಪಿನ ತುದಿಯಿಂದ ಗೊತ್ತಾದ ದೂರದಲ್ಲಿ, ಒಂದು ತೂಕದ ಕಲ್ಲನ್ನು ನೇತುಹಾಕಿ, ಶಾಫ್ಟ್ ಎಷ್ಟು ಕೆಳಗೆ ಇಳಿಯಿತೆಂಬುದನ್ನು ಹಿಂದೆ ನಿಲ್ಲಿಸಿದ ರಟ್ಟಿನ ಮೇಲೆ ಗೆರೆ ಎಳೆದು ಗುರುತಿಸಿ. ಬೇರೆ ಕ್ಲಬ್‌ಗಳಿಗೂ ಅದೇ ಕಲ್ಲು, ಅದೇ ದೂರ ಇರಲಿ. ಗೆರೆಗಳು ಹತ್ತಿರ ಹತ್ತಿರ ಬಂದ ಕ್ಲಬ್‌ಗಳು ಒಟ್ಟಿಗೆ ಬಾಳುತ್ತವೆ. ಉದ್ದ ಕಡಿಮೆಯಾಗುತ್ತ ಹೋದಂತೆ ತಲೆಯ ತೂಕ ಹೆಚ್ಚಬೇಕೆಂಬುದನ್ನೂ ಗಮನದಲ್ಲಿಡಿ. ಹಗುರವೆನಿಸಿದ ತಲೆಯ ಹಿಂಬದಿಗೆ ಸೀಸದ ಪಟ್ಟಿ ಅಂಟಿಸಿ ಕೆಲವು ದಿನ ಆಡಿ ನೋಡಬಹುದು. ಅಮೆರಿಕದ ಪ್ರಸಿದ್ಧ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಕೇವಲ ಕೈಯ ಅಂದಾಜಿನಿಂದ ಆಯ್ದುಕೊಂಡಿದ್ದ ಹಿಕರಿ ಕ್ಲಬ್‌ಗಳನ್ನು ಮುಂದೆ ಯಂತ್ರದಲ್ಲಿ ತೂಗಿ ನೋಡಿದಾಗ ಒಂದನ್ನು ಬಿಟ್ಟು ಉಳಿದೆಲ್ಲವೂ ಹೊಂದಿಕೊಂಡವು, ಹೊಂದದೆ ಉಳಿದದ್ದು ಅವರನ್ನು ಯಾವಾಗಲೂ ಕಾಡುತ್ತಿದ್ದ ಕ್ಲಬ್ಬೇ ಆಗಿತ್ತು ಎಂಬ ಕಥೆ ಹಿಕರಿ ಆಟಗಾರರ ನಡುವೆ ಬಹಳ ಪ್ರಚಲಿತ. ಕಥೆಗೆ ಎಷ್ಟು ಬಣ್ಣ ಸೇರಿದೆಯೋ ಏನೋ, ಅದು ಹೇಳುವ ವಿಷಯವಂತೂ ಸರಿಯಾಗಿದೆ.

ಎಷ್ಟು ಕ್ಲಬ್ ಎಂಬುದಕ್ಕೆ ಏಳು ಎನ್ನುತ್ತೇನೆ. 1916ರ ಯು.ಎಸ್. ಓಪನ್ ಅನ್ನು ಚಿಕ್ ಇವಾನ್ಸ್ ಏಳೇ ಕ್ಲಬ್‌ಗಳಿಂದ 286 ಹೊಡೆತಗಳಲ್ಲಿ ಗೆದ್ದರು, ಮತ್ತು ಆ ಅಂಕ 1936ರವರೆಗೆ ಆ ಸ್ಪರ್ಧೆಯ ದಾಖಲೆಯಾಗಿ ಉಳಿಯಿತು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರಬಾರದೆಂಬ ಮಿತಿ ಅಮೆರಿಕದಲ್ಲಿ 1938ರಲ್ಲಿ ಬಂದದ್ದು, ಉಕ್ಕಿನ ಶಾಫ್ಟುಗಳು ಬಂದ ಮೇಲೆ ಚೀಲಗಳು ವಿಪರೀತ ಉಬ್ಬಿದ್ದರಿಂದ. ಒಂದು ಬ್ರ್ಯಾಸಿ, ಒಂದು ಸ್ಪೂನ್ (ಇವೆರಡೂ ಮರದ ತಲೆಯವು), ಮಿಡ್‌ಐರನ್, ಮ್ಯಾಶಿ, ಮ್ಯಾಶಿ ನಿಬ್ಲಿಕ್, ನಿಬ್ಲಿಕ್, ಪಟರ್ ಇಷ್ಟಿದ್ದರೆ ಆಟ ನಡೆಯುತ್ತದೆ. ಡ್ರೈವರ್ ಕೊನೆಗೆ ಬರಲಿ. ಟೀ ಮೇಲಿಂದಲೂ ನೆಲದಿಂದಲೂ ಹೊಡೆಯಬಹುದಾದ ಬ್ರ್ಯಾಸಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೆಸರುಗಳನ್ನು ಮಾತ್ರ ನಂಬಬೇಡಿ. ಮಿಡ್‌ಐರನ್ ಇಂದಿನ 2ನೇ ಐರನ್ನಿಗೆ, ಮ್ಯಾಶಿ 5ನೇ ಐರನ್ನಿಗೆ, ಮ್ಯಾಶಿ ನಿಬ್ಲಿಕ್ 7ನೇ ಐರನ್ನಿಗೆ, ನಿಬ್ಲಿಕ್ 9ನೇ ಐರನ್ನಿಗೆ ಸಮ ಎಂಬ ಪಟ್ಟಿಯನ್ನು ಎಲ್ಲೆಡೆ ಕೊಡುತ್ತಾರೆ. ಆದರೆ ಆ ಕಾಲದಲ್ಲಿ ಲಾಫ್ಟಿಗೆ (ಮುಖದ ಓರೆಯ ಕೋನಕ್ಕೆ) ಎಲ್ಲರೂ ಒಪ್ಪಿದ ಮಾನವೇ ಇರಲಿಲ್ಲ. ಒಬ್ಬರ ಮ್ಯಾಶಿ ಇನ್ನೊಬ್ಬರ ಸ್ಪೇಡ್ ಮ್ಯಾಶಿಗೆ ಸಮನಾಗಿರುವುದುಂಟು. ಕೋನಮಾಪಕದಿಂದ ಅಳೆದು, ಒಂದರಿಂದ ಇನ್ನೊಂದಕ್ಕೆ ಏಳೆಂಟು ಡಿಗ್ರಿಗಳ ಅಂತರ ಬರುವಂತೆ ಜೋಡಿಸಿಕೊಳ್ಳಿ. ಮಧ್ಯದಲ್ಲಿ ದೊಡ್ಡ ತೆರಪು ಕಂಡರೆ ಆಗ ಎಂಟನೆಯ ಕ್ಲಬ್ ಹುಡುಕಿದರಾಯಿತು.

ಮರಗೆಲಸ:

ಮೇಲಿನವರು ಆಯ್ಕೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಕೊಳ್ಳುವಾಗಿನ ಪರೀಕ್ಷೆಯ ಬಗ್ಗೆ ನಾನು ಬರೆಯುತ್ತೇನೆ.

ಮೊದಲು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಉಕ್ಕಿನ ಶಾಫ್ಟಿಗೆ ಅಮೆರಿಕದ ಗಾಲ್ಫ್ ಸಂಸ್ಥೆ 1924ರಲ್ಲಿ, ಬ್ರಿಟನ್ನಿನಲ್ಲಿ ಆಟದ ನಿಯಮ ರೂಪಿಸುವ ಆರ್ ಆ್ಯಂಡ್ ಎ ಸಂಸ್ಥೆ 1929ರಲ್ಲಿ ಒಪ್ಪಿಗೆ ಕೊಟ್ಟ ನಂತರ, ಮರಕ್ಕೆ ಒಗ್ಗಿದ್ದ ಆಟಗಾರರ ಕಣ್ಣಿಗೆ ಹಿತವಾಗಿರಲೆಂದು ಉಕ್ಕಿನ ಕೋಲಿಗೆ ಮರದ ಬಣ್ಣದ ಹೊದಿಕೆ ಹಾಕಿ ಮಾರಿದ ಕ್ಲಬ್‌ಗಳು ಬಹಳಷ್ಟಿವೆ. ಅಯಸ್ಕಾಂತ ಶಾಫ್ಟಿಗೆ ಅಂಟಿದರೆ ಅದು ಹಿಕರಿಯಲ್ಲ.

ನಂತರ ಗ್ರಿಪ್ಪಿನ ತುದಿಯನ್ನು ಕಣ್ಣ ಬಳಿ ಹಿಡಿದು, ಶಾಫ್ಟಿನ ಉದ್ದಕ್ಕೂ ನೋಟ ಹಾಯಿಸಿ. ಸ್ವಲ್ಪ ಡೊಂಕಿದ್ದರೆ ಚಿಂತೆಯಿಲ್ಲ. ಹದವಾಗಿ ಕಾಯಿಸಿ, ಎದುರು ದಿಕ್ಕಿಗೆ ಬಗ್ಗಿಸಿ ಆರುವವರೆಗೆ ಹಿಡಿದರೆ ಅದು ಸರಿಹೋಗುತ್ತದೆ. ಸರಿಹೋಗದಿರುವುದು ಮರದ ಎಳೆಯ ದೋಷ. ಎಳೆಗಳು ಗ್ರಿಪ್ಪಿನಿಂದ ಹೋಸೆಲ್‌ವರೆಗೆ ಉದ್ದಕ್ಕೆ ಹರಿದಿರಬೇಕು. ಹೋಸೆಲ್‌ನ ಸ್ವಲ್ಪ ಮೇಲೆ ಅವು ಓರೆಯಾಗಿ ಅಂಚಿಗೆ ಬಂದು ಮುಗಿದಿದ್ದರೆ, ಶಾಫ್ಟ್ ಮುರಿಯುವುದು ಅಲ್ಲಿಯೇ. ಹಳೆಯ ವಾರ್ನಿಷ್ ಇದನ್ನು ಮುಚ್ಚಿಡುತ್ತದೆ. ಬೆಳಕಿಗೆ ಹಿಡಿದು, ಉಗುರನ್ನು ಮೆಲ್ಲಗೆ ಎಳೆದು ನೋಡಿದರೆ ಕೂದಲೆಳೆಯಂಥ ಬಿರುಕು ಬೆರಳಿಗೆ ತಿಳಿಯುತ್ತದೆ.

ಒಂದು ಕೈಯಲ್ಲಿ ತಲೆಯನ್ನೂ ಇನ್ನೊಂದರಲ್ಲಿ ಗ್ರಿಪ್ಪನ್ನೂ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಟಿಕ್ ಎಂಬ ಸದ್ದು ಬಂದರೆ ತಲೆ ಸಡಿಲವಾಗಿದೆ ಎಂದರ್ಥ. ನೂರು ವರ್ಷ ಒಣಗಿದ ಮರ ಹೋಸೆಲ್ ಒಳಗೆ ಕುಗ್ಗುವುದು ಸಹಜ, ಆದ್ದರಿಂದ ಸಡಿಲವಿದ್ದ ಮಾತ್ರಕ್ಕೆ ಕ್ಲಬ್ಬನ್ನು ತಿರಸ್ಕರಿಸಬೇಡಿ. ತಲೆಯನ್ನು ನೀರಿನಲ್ಲಿ ಅದ್ದಿಟ್ಟು ಮರ ಉಬ್ಬಿಸುವ ಹಳೆಯ ಉಪಾಯವನ್ನು ಕೆಲವರು ಇಂದಿಗೂ ಹೇಳುತ್ತಾರೆ. ಅದು ಮರ ಮತ್ತೆ ಒಣಗುವವರೆಗಿನ ಪರಿಹಾರ, ಒಳಗೆ ತುಕ್ಕನ್ನೂ ತರಿಸುತ್ತದೆ. ಅಡ್ಡ ಪಿನ್ನನ್ನು ತೆಗೆದು, ತಲೆ ಬಿಡಿಸಿ, ಒಳಗಿನ ತುಕ್ಕನ್ನೂ ಹಳೆಯ ಅಂಟನ್ನೂ ಕೆರೆದು, ಎಪಾಕ್ಸಿ ಹಚ್ಚಿ ಮತ್ತೆ ಕೂರಿಸಿ ಪಿನ್ ಹಾಕುವುದೇ ಸರಿಯಾದ ಕ್ರಮ.

ಶಾಫ್ಟ್ ಗಟ್ಟಿಯಾಗಿದ್ದರೆ ಸಮನಾಗಿ ಕೆರೆದು ಮೆದುಗೊಳಿಸಬಹುದು, ಮೆತ್ತಗಿರುವುದನ್ನು ಗಟ್ಟಿ ಮಾಡಲಾಗದು. ಆದ್ದರಿಂದ ಎರಡರ ನಡುವೆ ಆರಿಸುವಾಗ ಗಟ್ಟಿಯಾದುದನ್ನೇ ಕೊಳ್ಳಿ. ಶಾಫ್ಟನ್ನು ಶುಚಿ ಮಾಡಿದ ಮೇಲೆ ಕುದಿಸಿದ ಅಗಸೆ ಎಣ್ಣೆಯನ್ನು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಅದನ್ನು ಬಯಲಿನಲ್ಲಿ ಹರವಿ ಒಣಗಿಸಿ. ಲಾಫ್ಟ್ ಸರಿಪಡಿಸಲೆಂದು ಹಳೆಯ ತಲೆಯನ್ನು ಇಂದಿನ ಬಗ್ಗಿಸುವ ಯಂತ್ರಕ್ಕೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹೋಸೆಲ್ ಗೋಡೆ ತೆಳುವಾಗಿರುತ್ತದೆ, ಒಳಗೆ ಇರುವುದು ಮರ. ಬೇಕಾದ ಲಾಫ್ಟಿನ ಬೇರೆ ತಲೆಯನ್ನು ಹುಡುಕುವುದೇ ಮೇಲು.

ಪರ್ಸಿಮನ್:

ಹಿಕರಿಯ ಮೋಹ ಇರುವವರ ನಡುವೆ ಬೇರೆ ಮಾತು ಆಡುತ್ತಿದ್ದೇನೆ, ಕ್ಷಮಿಸಿ. ಪ್ರಶ್ನೆ ಕೇಳಿದವರಿಗೆ ದುರಸ್ತಿಯಲ್ಲಿ ಆಸಕ್ತಿ ಇಲ್ಲದಿದ್ದರೆ, 1950ರಿಂದ 1970ರ ದಶಕಗಳ ಉಕ್ಕಿನ ಶಾಫ್ಟಿನ ಫೋರ್ಜ್ ಮಾಡಿದ ಬ್ಲೇಡ್ ಐರನ್‌ಗಳು ಮತ್ತು ಪರ್ಸಿಮನ್ ಮರದ ತಲೆಗಳು ಕೂಡ ಹಳೆಯ ಕ್ಲಬ್‌ಗಳೇ, ಮತ್ತು ಅವು ಕಾರ್ಖಾನೆಯಿಂದಲೇ ಹೊಂದಿಸಿದ ಸೆಟ್ಟುಗಳಾಗಿ ಸಿಗುತ್ತವೆ. ಸಂಖ್ಯೆ ಹಾಕಿದ, ಪರಸ್ಪರ ಹೊಂದುವ ಐರನ್‌ಗಳು ಜನಪ್ರಿಯವಾದದ್ದೇ ಉಕ್ಕು ಬಂದ ಮೇಲೆ. ಜೋನ್ಸ್ ಅವರ ಹೆಸರಿನಲ್ಲಿ ಸ್ಪಾಲ್ಡಿಂಗ್ ಕಂಪನಿ 1932ರಲ್ಲಿ ಹೊರತಂದ ಐರನ್‌ಗಳು ಅಂಥವು. ಅಲ್ಲಿ ಶಾಫ್ಟಿಗೆ ಕಲ್ಲು ನೇತುಹಾಕಿ ರಟ್ಟಿನ ಮೇಲೆ ಗೆರೆ ಎಳೆಯುವ ಪಾಡು ಇಲ್ಲ. ಆ ಕಾಲದ ಪಿಚಿಂಗ್ ವೆಜ್ ಸುಮಾರು 50 ಡಿಗ್ರಿ ಇರುತ್ತಿತ್ತು, ಇಂದಿನದು 45ರ ಆಸುಪಾಸಿನಲ್ಲಿದೆ. ಆದ್ದರಿಂದ ಸಂಖ್ಯೆ ನೋಡಿ ದೂರ ಲೆಕ್ಕ ಹಾಕಿದರೆ ಚೆಂಡು ಗ್ರೀನಿಗೆ ಮುಂಚೆಯೇ ಬೀಳುತ್ತದೆ. ಪರ್ಸಿಮನ್ ತಲೆ ಕೊಳ್ಳುವಾಗ ಮುಖದ ಇನ್ಸರ್ಟ್ (ಮುಖದಲ್ಲಿ ಕೂರಿಸಿದ ಬಿಲ್ಲೆ) ಸುತ್ತ ಮತ್ತು ಸೋಲ್ ಎಂಬ ತಳಭಾಗದ ಸ್ಕ್ರೂಗಳ ಬಳಿ ಬಿರುಕು ಇದೆಯೇ ನೋಡಿ, ಉಳಿದದ್ದು ಸುಲಭ.

ಹೊಸಹಿಕರಿ:

ಮೂವರಿಗೂ ಧನ್ಯವಾದಗಳು. ಪರ್ಸಿಮನ್ ಅವರ ಮಾತಿನಲ್ಲಿ ಹುರುಳಿದೆ, ಆದರೆ ಆ ಕಲ್ಲು ನೇತುಹಾಕುವ ಪಾಡೇ ನನಗೆ ಹಿಡಿಸಿದೆ. ಹೇಳಿದಂತೆ ಮಾಡಿ ನೋಡಿದೆ. ಮಿಡ್‌ಐರನ್ನಿನ ಗೆರೆ ಮ್ಯಾಶಿಯದಕ್ಕಿಂತ ಬಹಳ ಕೆಳಗೆ ಬಂತು, ನಿಬ್ಲಿಕ್ ಮಾತ್ರ ಮ್ಯಾಶಿಗೆ ಹತ್ತಿರವಿದೆ. ಮಿಡ್‌ಐರನ್ ಬದಲಿಸುತ್ತೇನೆ. ಇನ್ನು ಮೂರು ಸಂದೇಹಗಳು ಉಳಿದಿವೆ. ಇಂದಿನ ಚೆಂಡನ್ನು ಈ ಕ್ಲಬ್‌ಗಳಿಂದ ಹೊಡೆಯಬಹುದೇ? ನನ್ನ ನಿಬ್ಲಿಕ್ ಮರಳಿನಲ್ಲಿ ಹೂತುಹೋಗುತ್ತದೆ, ಅದಕ್ಕೇನು ಮಾಡಬೇಕು? ಪಟರ್ ಯಾವುದಾದರೂ ಆದೀತೇ?

ಮ್ಯಾಶಿಪ್ರಿಯ:

ಚೆಂಡಿನ ವಿಷಯದಲ್ಲಿ ಗಟ್ಟಿತನ ನೋಡಿ. ಇಂದು ಸಿಗುವ ಕಡಿಮೆ ಕಂಪ್ರೆಶನ್‌ನ (ಮೆತ್ತಗಿನ) ಚೆಂಡುಗಳು ಹಿಕರಿಗೆ ಹೊಂದುತ್ತವೆ. ವೇಗದ ಸ್ವಿಂಗಿಗೆಂದು ತಯಾರಾದ ಗಟ್ಟಿ ಚೆಂಡುಗಳು ಕೈಗೆ ಜುಮ್ಮೆನಿಸುವುದಲ್ಲದೆ ಮರದ ತಲೆಗಳ ಮುಖವನ್ನು ಬೇಗ ಹಾಳುಮಾಡುತ್ತವೆ. ಅಭ್ಯಾಸದ ಮೈದಾನದ ಚೆಂಡುಗಳನ್ನು ಬ್ರ್ಯಾಸಿಯಿಂದ ಹೊಡೆಯಲೇಬೇಡಿ. ಹಳೆಯ ಮರದ ತಲೆಗಳ ಮುಖ ಎತ್ತರದಲ್ಲಿ ಕಿರಿದಾದ್ದರಿಂದ ಟೀಯನ್ನು ತಗ್ಗಾಗಿಯೇ ಇಡಬೇಕು.

ನಿಬ್ಲಿಕ್ ಹೂತುಹೋಗುವುದು ಅದರ ಸೋಲ್ ತೆಳ್ಳಗಿರುವುದರಿಂದ. ಮರಳಿನಲ್ಲಿ ಜಾರಿ ಮೇಲೇಳುವಂತೆ ಸೋಲ್‌ನ ಹಿಂಬದಿಯನ್ನು ದಪ್ಪವಾಗಿಸಿದ ಸ್ಯಾಂಡ್ ವೆಜ್ ಅನ್ನು ಜೀನ್ ಸಾರಾಜೆನ್ 1932ರ ಬ್ರಿಟಿಷ್ ಓಪನ್‌ನಲ್ಲಿ ಬಳಸಿ ಗೆದ್ದ ಮೇಲಷ್ಟೇ ಅದು ಎಲ್ಲರ ಚೀಲ ಸೇರಿತು. ಅದಕ್ಕೆ ಮೊದಲಿನ ನಿಬ್ಲಿಕ್‌ಗಳಲ್ಲೂ ಸೋಲ್ ದಪ್ಪವಿರುವವು ಇವೆ, ಅಂಥದ್ದನ್ನು ಹುಡುಕಿ. ಸಿಗುವವರೆಗೆ ಮುಖವನ್ನು ಚೆನ್ನಾಗಿ ತೆರೆದಿಟ್ಟು, ಚೆಂಡಿಗೆ ಹತ್ತಿರವಾಗಿ ಮರಳನ್ನು ತೆಳ್ಳಗೆ ಕೆತ್ತಿ ಹೊಡೆಯಿರಿ. ಹುಡುಕುವಾಗ ಮುಖದ ಮೇಲೆ ಅಗಲವಾದ ಆಳ ಗೀರುಗಳಿರುವ ಕ್ಲಬ್ ಕಂಡರೆ ಆಟಕ್ಕೆಂದು ಕೊಳ್ಳಬೇಡಿ. 1921ರ ಬ್ರಿಟಿಷ್ ಓಪನ್ ಅನ್ನು ಜಾಕ್ ಹಚಿಸನ್ ಅಂಥ ಕ್ಲಬ್‌ಗಳಿಂದ ಗೆದ್ದ ಬೆನ್ನಿಗೇ ಆರ್ ಆ್ಯಂಡ್ ಎ ಅವನ್ನು ನಿಷೇಧಿಸಿತು, ಇಂದಿಗೂ ಅವು ನಿಯಮಬದ್ಧವಲ್ಲ.

ಪಟರ್ ವಿಷಯದಲ್ಲಿ ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ. ಅಲ್ಲಿ ತಿರುಚುವ ಬಲ ಅಲ್ಪವಾದ್ದರಿಂದ ಶಾಫ್ಟ್ ಹೊಂದಿಸುವ ಕೆಲಸವೂ ಇಲ್ಲ. ಸಂಡರ್‌ಲ್ಯಾಂಡ್‌ನ ವಿಲಿಯಂ ಮಿಲ್ಸ್ ತಯಾರಿಸಿದ ಅಲ್ಯೂಮಿನಿಯಂ ತಲೆಯ ಪಟರ್‌ಗಳು ತೂಕವಾಗಿದ್ದು ನನಗೆ ಹಿಡಿಸುತ್ತವೆ. ಮೊದಲ ಮಹಾಯುದ್ಧದ ಮಿಲ್ಸ್ ಬಾಂಬ್ ಎಂಬ ಕೈಬಾಂಬು ಕೂಡ ಇದೇ ಮನುಷ್ಯನದು. ಒಂದನ್ನು ಮಾತ್ರ ಗಮನಿಸಿ. ಅಂದಿನ ಗ್ರೀನ್‌ಗಳ ಹುಲ್ಲು ಇಂದಿನಷ್ಟು ನುಣುಪಾಗಿರಲಿಲ್ಲವಾದ್ದರಿಂದ ಹಳೆಯ ಪಟರ್‌ಗಳಲ್ಲಿ ಲಾಫ್ಟ್ ಹೆಚ್ಚು, ಹಾಗಾಗಿ ಇಂದಿನ ಗ್ರೀನ್ ಮೇಲೆ ಚೆಂಡು ಉರುಳುವ ಮೊದಲು ಸಣ್ಣಗೆ ನೆಗೆಯುತ್ತದೆ. ಲಾಫ್ಟ್ ಕಡಿಮೆ ಇರುವುದನ್ನು ಆರಿಸಿ, ಇಲ್ಲವೇ ಕೈಗಳನ್ನು ಚೆಂಡಿಗಿಂತ ತುಸು ಮುಂದೆ ಇಟ್ಟು ತಳ್ಳಿ.