ಇಂಡೋ-ಸಾರ್ಸೆನಿಕ್ ಕಟ್ಟಡದ ಕಮಾನು: ಉದುರಿದ ಗಾರೆಗೆ ಸಿಮೆಂಟ್ ಮೆತ್ತಬಹುದಾ?

ಹಳೇಗಚ್ಚು:
ಮೈಸೂರಿನಲ್ಲಿ ಟ್ರಸ್ಟ್ ಒಂದರ ಕಟ್ಟಡ, 1910ರ ಆಸುಪಾಸಿನದು, ಮೊಘಲ್ ಮತ್ತು ಯುರೋಪಿಯನ್ ರೀತಿ ಬೆರೆಸಿದ ಇಂಡೋ-ಸಾರ್ಸೆನಿಕ್ ಶೈಲಿ. ಎಸಳೆಸಳಾದ ಕಮಾನು, ಮೂಲೆಗೊಂದು ಛತ್ರಿ (ಕಂಬಗಳ ಮೇಲಿನ ಸಣ್ಣ ಗುಮ್ಮಟ), ಸುತ್ತ ಛಜ್ಜಾ (ಗೋಡೆಯಿಂದ ಹೊರಚಾಚಿದ ಸೂರು), ಒಳಗೆ ಎರಕದ ಕಬ್ಬಿಣದ ಕಂಬ. ಕಮಾನಿನ ಅಡಿಯಲ್ಲಿ ಗಾರೆ ಹಪ್ಪಳದಂತೆ ಏಳುತ್ತಿದೆ. ಕಂಟ್ರಾಕ್ಟರು 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಸಿಮೆಂಟ್ ಪ್ಲಾಸ್ಟರ್ ಮಾಡೋಣ ಅಂತಾರೆ. ಒಪ್ಪಬಹುದಾ?

ಸುಣ್ಣಸುರ್ಕಿ:
ದಯವಿಟ್ಟು ಒಪ್ಪಬೇಡಿ. ಆ ಕಾಲದ ಇಟ್ಟಿಗೆ ತೇವ ಹೀರಿಕೊಳ್ಳುತ್ತೆ, ಸುಣ್ಣದ ಗಾರೆ ಅದನ್ನು ಹೊರಕ್ಕೆ ಬಿಡುತ್ತೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ ಇಟ್ಟಿಗೆಯೇ ಪುಡಿಯಾಗುತ್ತೆ. ಸ್ವಲ್ಪ ವರ್ಷಕ್ಕೆ ಪ್ಲಾಸ್ಟರ್ ಬೀಳುವಾಗ ಎಸಳಿನ ಅಂಚನ್ನೂ ಕಿತ್ತುಕೊಂಡು ಬೀಳುತ್ತೆ.

ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ನೋಡಿ. ಛಜ್ಜಾದ ತುದಿಯ ಕೆಳಭಾಗದಲ್ಲಿ ನೀರು ತೊಟ್ಟಿಕ್ಕಲೆಂದು ಒಂದು ಸಣ್ಣ ಗಾಡಿ (ಉದ್ದನೆಯ ತೋಡು) ಕೊರೆದಿರುತ್ತಾರೆ. ಪದರದ ಮೇಲೆ ಪದರ ಬಣ್ಣ ಹೊಡೆದು ಅದು ಮುಚ್ಚಿಹೋಗಿದ್ದರೆ ಮಳೆನೀರು ಹಿಂದಕ್ಕೆ ಹರಿದು ಸೀದಾ ಕಮಾನಿಗೆ ಬರುತ್ತೆ. ಗಾಡಿ ಬಿಡಿಸದೆ ಗಾರೆ ಮಾಡಿದರೆ ದುಡ್ಡು ದಂಡ. ಛತ್ರಿಯ ಬುಡದಲ್ಲಿ ಅರಳಿ ಸಸಿ ಇದ್ದರೆ ಬೇರುಸಮೇತ ತೆಗೆಸಿ.

ತೊಲೆಕಂಬಿ:
ಹೊರಗಿನ ಮೊಘಲ್ ರೂಪ ನೋಡಿ ಒಳಗೂ ಹಾಗೇ ಅಂದುಕೊಳ್ಳಬೇಡಿ. ಮೈಸೂರು ಅರಮನೆಯೇ ಇದೆಯಲ್ಲ: 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, 1912ರಲ್ಲಿ ಮುಗಿದದ್ದು. ಹೊರಗೆ ಗುಮ್ಮಟ, ಕಲ್ಯಾಣ ಮಂಟಪದೊಳಗೆ ಗ್ಲಾಸ್ಗೋದಿಂದ ಬಂದ ಎರಕದ ಕಂಬ. ಈ ಶೈಲಿಯ ಜಾಣ್ಮೆ ಇರುವುದೇ ಆ ಬೆರಕೆಯಲ್ಲಿ, ತೊಂದರೆಯೂ ಅಲ್ಲೇ.

ನಿಮ್ಮಲ್ಲಿ ಛಾವಣಿ ಕಬ್ಬಿಣದ ತೊಲೆಗಳ ನಡುವೆ ಕಟ್ಟಿದ ಜ್ಯಾಕ್ ಆರ್ಚ್ (ಇಟ್ಟಿಗೆಯ ತಗ್ಗು ಕಮಾನು) ಇರಬಹುದು. ಬಿರುಕು ತೊಲೆಯ ಗುಂಟ ನೇರವಾಗಿ ಓಡಿದ್ದರೆ ಅದು ಗಾರೆಯ ರೋಗವಲ್ಲ. ತುಕ್ಕು ಉಬ್ಬಿ ಇಟ್ಟಿಗೆಯನ್ನು ತಳ್ಳುತ್ತಿದೆ. ಗಾರೆ ಬಿಡಿಸಿ, ತುಕ್ಕು ಉಜ್ಜಿ, ತೊಲೆ ಎಷ್ಟು ಸವೆದಿದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಅಳೆಸಿ. ಆಮೇಲೆ ತುಕ್ಕುನಿರೋಧಕ ಬಣ್ಣ.

ಹಳೇಗಚ್ಚು:
ಬಿರುಕು ಅಡ್ಡಾದಿಡ್ಡಿ ಇದೆ, ತೊಲೆ ಗುಂಟ ಇಲ್ಲ. ಹಾಗಾದರೆ ಗಾರೆಯ ಪಾಕ ಹೇಗೆ?

ಸುಣ್ಣಸುರ್ಕಿ:
ಅರಳಿಸಿ ಎರಡು ವಾರವಾದರೂ ನೀರಿನಲ್ಲಿ ನೆನೆಸಿಟ್ಟ ಸುಣ್ಣ 1 ಪಾಲು, ಸುರ್ಕಿ (ಇಟ್ಟಿಗೆ ಪುಡಿ) 1 ಪಾಲು, ತೊಳೆದ ಮರಳು 1 ಪಾಲು. ಸುರ್ಕಿಗೆ ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನೇ ಕುಟ್ಟಿಸಿ, ಸಿಮೆಂಟ್ ಮೆತ್ತಿದ ಚೂರು ಬೆರೆಯದಿರಲಿ. ಗೋಡೆಗೆ ಮೊದಲು ನೀರು ಕುಡಿಸಿ. ಒಂದು ಪದರ 10–12 ಮಿ.ಮೀ. ಮೀರದಿರಲಿ, ದಪ್ಪಗೆ ಒಂದೇ ಸಲ ಹಾಕಿದರೆ ಸೀಳುತ್ತೆ. ಮೊದಲ ಪದರ ಬಿಗಿದ ಮೇಲೆಯೇ ಎರಡನೆಯದು. ಒದ್ದೆ ಗೋಣಿ ಕಟ್ಟಿ ವಾರವಾದರೂ ತೇವ ಕಾಯಿರಿ. ಕೊನೆಗೆ ಸುಣ್ಣವನ್ನೇ ಬಳಿಸಿ. ಎಮಲ್ಷನ್ ಪೇಂಟ್ ಹೊಡೆದರೆ ಮತ್ತೆ ಅದೇ ಹಪ್ಪಳ.