ಗೋಡೆ ಏರಿದ ಭಾವ

“ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಒಪ್ಪಿಕೊಳ್ಳುವವನು ಮೊದಲು ಒಳ್ಳೆಯದೊಂದು ಫೋಟೊ ತೆಗೆಸಿಟ್ಟುಕೊಳ್ಳಬೇಕು,” ಎಂದು ಕಾಕಾ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ಟಿನ ಪೊಟ್ಟಣ ಬಿಚ್ಚುತ್ತ ತೀರ್ಪು ಕೊಟ್ಟರು. “ಗುರುವಾರ ಟಿಆರ್‌ಪಿ ಇಳಿದರೆ ಶುಕ್ರವಾರವೇ ಅಪ್ಪನಿಗೆ ಎದೆನೋವು, ಸೋಮವಾರದ ಹೊತ್ತಿಗೆ ಆತ ಹಾರ ಹಾಕಿಸಿಕೊಂಡು ಗೋಡೆ ಏರಿರುತ್ತಾನೆ.”

ಕಾಕಾ ಅವರ ಅಕ್ಕನ ಗಂಡ, ಅಂದರೆ ನಾಟಕ ಕಂಪನಿಯಲ್ಲಿ ದುರ್ಯೋಧನನಾಗಿ ಗದೆ ತಿರುಗಿಸಿದ ಭಾವ, ಬೆಂಗಳೂರಿಗೆ ಹೋಗಿ ನಾಯಕಿಯ ಅಪ್ಪನಾಗಿ, ಈಗ ಅದೇ ಧಾರಾವಾಹಿಯ ಪಡಸಾಲೆಯಲ್ಲಿ ಚೌಕಟ್ಟಿನೊಳಗೆ ನಗುತ್ತಿದ್ದಾರೆ.

“ಸತ್ತ ಮೇಲೂ ದಿನಾಲು ಮುಖ ಕಾಣುತ್ತದಲ್ಲ, ಲಾಭವೇ ಅಲ್ಲವೇ?” ಎಂದರು ವಕೀಲರು.

“ಲಾಭ ಯಾರಿಗೆ, ವಕೀಲರೇ? ಸಂಭಾವನೆ ದಿನದ ಲೆಕ್ಕದ್ದು, ಫೋಟೊಕ್ಕೆ ಪಗಾರವಿಲ್ಲ. ಬದುಕಿದ್ದಾಗ ‘ಊಟ ಆಯಿತೇನಮ್ಮಾ’ ಎಂಬುದರಾಚೆ ಆತನಿಗೆ ಮಾತೇ ಬರೆದಿರಲಿಲ್ಲ. ಈಗ ಮಗಳು, ಸೊಸೆ, ಕೊನೆಗೆ ಖಳನಾಯಕಿಯೂ ಆತನೆದುರಿಗೇ ನಿಂತು ಕಾಲು ಗಂಟೆ ಅಳುತ್ತಾರೆ. ಇಷ್ಟು ಕ್ಲೋಸಪ್ಪು ಆತನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆ ಫೋಟೊದಲ್ಲಿರುವ ಅಂಗಿಯೂ ಮನೆಯಿಂದ ಒಯ್ದದ್ದು!”

ಮಾಸ್ತರರಿಗೆ ಹಳೆಯದು ನೆನಪಾಯಿತು. 1972ರ ‘ನಾಗರಹಾವು’ ಚಿತ್ರದಲ್ಲಿ ಕೆ.ಎಸ್. ಅಶ್ವತ್ಥ್ ಮಾಡಿದ ಚಾಮಯ್ಯ ಮೇಷ್ಟ್ರನ್ನು ತೆಗೆದರೆ ನಾಯಕ ರಾಮಾಚಾರಿ ಯಾರ ಮಾತಿಗೆ ತಲೆ ಬಾಗಿಸಬೇಕೆಂದು ಅವರು ಕೇಳಿದರು. ಕಿವಿ ಮಂದವಾಗಿದ್ದ ಹಾಸ್ಯನಟ ಬಾಲಕೃಷ್ಣ ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತನ್ನು ಕರಾರುವಾಕ್ಕಾಗಿ ಎಸೆಯುತ್ತಿದ್ದರೆಂಬುದನ್ನೂ ಸೇರಿಸಿದರು.

“ಈಗಿನವರಿಗೆ ಎರಡೂ ಕಿವಿ ನೆಟ್ಟಗಿವೆ, ಕೇಳಿಸಿಕೊಳ್ಳುವಂಥ ಮಾತು ಮಾತ್ರ ಇಲ್ಲ,” ಎಂದರು ಕಾಕಾ.

“ಹಾಗಲ್ಲ, ಕಾಯ್ದವನಿಗೆ ಒಂದು ದಿನ ಬರುತ್ತದೆ,” ಎಂದು ವಕೀಲರು ನಟ ವೈಜನಾಥ ಬಿರಾದಾರರನ್ನು ಸಾಕ್ಷಿಗೆ ಕರೆದರು. ನೂರಾರು ಚಿತ್ರಗಳಲ್ಲಿ ಭಿಕ್ಷುಕನೆಂದು, ಕುಡುಕನೆಂದು ಬಂದು ಹೋದ ಅವರನ್ನು ಗಿರೀಶ ಕಾಸರವಳ್ಳಿ ‘ಕನಸೆಂಬೊ ಕುದುರೆಯನೇರಿ’ ಚಿತ್ರದ ನಡುವೆ ನಿಲ್ಲಿಸಿದರು. ಸ್ಪೇನ್‌ನ ಚಿತ್ರೋತ್ಸವವೊಂದು ಶ್ರೇಷ್ಠ ನಟನೆಂದು ಗೌರವಿಸಿತು.

“ನೋಡಿರಿ, ಸ್ಪೇನಿನಿಂದ ಕಂಡ ಮುಖ ನಮ್ಮ ಸಿನಿಮಾದವರ ಗಾಂಧಿನಗರದಿಂದ ಕಂಡಿರಲಿಲ್ಲ,” ಎಂದ ಕಾಕಾ ಅಷ್ಟಕ್ಕೇ ಬಿಡಲಿಲ್ಲ. “ನಮ್ಮ ರಂಗನಟ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದರು. ಅವರೇನಾದರೂ ಧಾರಾವಾಹಿಯ ಅಪ್ಪನಾಗಿದ್ದರೆ ನೂರು ವರ್ಷ ಹಾಗಿರಲಿ, ನೂರು ಕಂತು ದಾಟುತ್ತಿರಲಿಲ್ಲ.”

ನಾವು ನಕ್ಕು ಮಿರ್ಚಿ ಭಜಿ ತರಿಸಿದೆವು. ಮಾಸ್ತರರು, ಅಕ್ಕನವರು ಈಗಲೂ ಆ ಧಾರಾವಾಹಿ ನೋಡುತ್ತಾರೆಯೇ ಎಂದು ಕೇಳಬಾರದಿತ್ತು.

“ಮೊದಲು ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದಳು. ಹಾರ ಬಿದ್ದ ದಿನ, ಭಾವ ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನುತ್ತಿದ್ದರೂ, ಎದ್ದು ಟಿವಿ ಆರಿಸಿದಳು. ಅಂದಿನಿಂದ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿ ಹಚ್ಚುವುದಿಲ್ಲ.”

“ಭಾವನವರು ಏನೆನ್ನುತ್ತಾರೆ?”

“ಅವರೇ? ಸತ್ತವನಿಗೊಬ್ಬ ಅವಳಿ ತಮ್ಮ ಬರಬಹುದೆಂದು ಮ್ಯಾನೇಜರ್ ಹೇಳಿದ್ದಾನಂತೆ. ಮೀಸೆ ಬಿಡುತ್ತಿದ್ದಾರೆ.”